ಸಿಸ್ಟರ್ ಸಾಕಿದ ಕೆಂಚ

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ ಒರೆಸಿದರು ನೋಡಿ, ಆ ವಾಸನೆಗೆ ನಮ್ಮ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ನರ್ಸು ನೆನಪಾದರು. ಎಲ್ಲರಿಗೂ ಅವರು ಸಿಸ್ಟರ್. ಡ್ಯೂಟಿ ಮುಗಿಸಿ ಗೇಟು ತೆಗೆದರೆ ಇದೇ ವಾಸನೆ ಅಂಗಳಕ್ಕೆಲ್ಲ ಬರುತ್ತಿತ್ತು...

ಹಳೇಬೀಡಿನಲ್ಲಿ ನಮ್ಮದು ಜೈನರ ಮನೆ. ಬಾಡಿಗೆಗೆ ಬರುವವರಿಗೆ ನನ್ನದು ಎರಡೇ ಷರತ್ತು: ಕಾಂಪೌಂಡಿನೊಳಗೆ ಮೊಟ್ಟೆ, ಮಾಂಸ ಬರಕೂಡದು; ನಾಯಿ, ಬೆಕ್ಕು ಸಾಕಕೂಡದು. ಸಿಸ್ಟರ್ ಎರಡಕ್ಕೂ ತಲೆಯಾಡಿಸಿ ಹಾಲುಕ್ಕಿಸಿದ್ದರು. ಮೂರು ತಿಂಗಳಾಗಿತ್ತೇನೋ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕಾಲಿಗೆ ಬ್ಯಾಂಡೇಜು ಸುತ್ತಿದ ಕೆಂಚು ನಾಯಿಮರಿಯೊಂದು ನನ್ನನ್ನೇ ನೋಡುತ್ತ ಕೂತಿತ್ತು. ಆಸ್ಪತ್ರೆ ಗೇಟಿನ ಹತ್ತಿರ ಸ್ಕೂಟರಿಗೆ ಸಿಕ್ಕಿದ್ದಂತೆ. ಕಾಲು ಕೂಡಿದ ಮೇಲೆ ಬಿಟ್ಟುಬಿಡುತ್ತೇನೆ ಅಂದರು. ಕಾಲೇನೋ ಕೂಡಿತು...

ನೇರವಾಗಿ ಓಡಿಸಿದರೆ ದಯೆಯಿಲ್ಲದವನು ಎಂದು ಬಸದಿಗೆ ಬರುವವರೆಲ್ಲ ಆಡಿಕೊಳ್ಳುತ್ತಾರೆ. ಅದಕ್ಕೇ ಒಂದು ಉಪಾಯ ಹೂಡಿದೆ. ನಾಯಿ ಇರಲಿ, ಆದರೆ ನಾವು ತಿನ್ನುವುದನ್ನೇ ತಿನ್ನಬೇಕು, ನಮ್ಮ ಹಾಗೆ ಹೊತ್ತು ಮುಳುಗುವ ಮೊದಲೇ ತಿನ್ನಬೇಕು, ಆಮೇಲೆ ಒಂದು ತುತ್ತೂ ಇಲ್ಲ ಎಂದೆ. ಈರುಳ್ಳಿಯೂ ಹಾಕದ ನಮ್ಮ ಅಡುಗೆಗೆ ಯಾವ ನಾಯಿ ನಿಂತೀತು, ಎಂಟು ದಿನದಲ್ಲಿ ತಾನೇ ಓಡುತ್ತದೆ ಅಂದುಕೊಂಡಿದ್ದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸಿಸ್ಟರ್ ಮನೆಗೆ ಬರುವುದು ಕತ್ತಲಾದ ಮೇಲೆ. ಹೊತ್ತಿಗೆ ಸರಿಯಾಗಿ ಅನ್ನ ಕಲಸಿ ಹಾಕುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಬಂತು.

ಮೂವತ್ತು ವರ್ಷ ಜೊತೆಗೆ ಬಾಳಿದವಳ ಬಾಯಲ್ಲಿ ಅಂಥ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. "ಬಾರೋ ಕೆಂಚ, ಬಾರೋ ನನ್ ಕಂದ, ಹೊತ್ತು ಮುಳುಗ್ತಾ ಐತೆ" ಎಂದು ಕರೆಯುತ್ತಿದ್ದಳು. ನನ್ನನ್ನು ಕರೆಯುವುದಾದರೆ "ರೀ", ಅಷ್ಟೇ. ರಜೆಯ ದಿನ ಅವಳೂ ಸಿಸ್ಟರೂ ಕೂತು ನಾಯಿಯ ಪ್ರತಾಪ ಹೇಳಿಕೊಂಡು ನಗುತ್ತಿದ್ದರು. ನಾನು ಹೋದರೆ ನಗು ನಿಲ್ಲುತ್ತಿತ್ತು. ನಾಯಿಯ ಮೇಲೆ ಹೊಟ್ಟೆಕಿಚ್ಚು, ಅದನ್ನು ತಂದ ಸಿಸ್ಟರ್ ಮೇಲೆ ಅದಕ್ಕಿಂತ ಹೆಚ್ಚು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಒಂದು ದಿನ ಕೆಲಸದ ಮೇಲೆ ಅರಸೀಕೆರೆಗೆ ಹೋಗಿದ್ದೆ, ಬರುವ ಬಸ್ಸು ತಡವಾಯಿತು. ಮೊದಲೆಲ್ಲ ಅಂಥ ದಿನ ಅವಳು ತಟ್ಟೆ ಹಾಕಿಟ್ಟು ಗೇಟಿನಲ್ಲಿ ಕಾಯುತ್ತಿದ್ದಳು. ಅಂದು ನಾನು ಓಡೋಡಿ ಬಂದಾಗ ಬಿಸಿಲು ಇನ್ನೂ ಇತ್ತು, ಗೇಟಿನಲ್ಲಿ ಅವಳಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ನಾಯಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ನಾನೇ ಬಡಿಸಿಕೊಳ್ಳಬಹುದಿತ್ತು. ಹಟಕ್ಕೆ ಬಿದ್ದು ಸುಮ್ಮನೆ ನಿಂತೆ. ಅವಳು ತಿರುಗಿ ನೋಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಾಯಿಯದು ಊಟವಾಗಿತ್ತು, ನನಗೆ ಉಪವಾಸ.

ಮರುದಿನ ಬೆಳಿಗ್ಗೆಯೇ ಸಿಸ್ಟರನ್ನು ಕರೆದು, ನಾಯಿಯನ್ನು ಕಳಿಸಿ, ಇಲ್ಲವೇ ಮನೆ ಬಿಡಿ ಎಂದೆ. ಅವರು ಸಿಟ್ಟಾಗಲಿಲ್ಲ.

"ಬೇಕಾದ್ರೆ ನಾನು ಹೋಯ್ತೀನಿ ಸಾರ್. ಕೆಂಚ ಇಲ್ಲೇ ಇರ್ಲಿ. ಅದೀಗ ಅಮ್ಮೋರ್ದು."

ಆ ಮಾತೇ ನನಗೆ ನಾಟಿದ್ದು. ಇಬ್ಬರೂ ಹೋಗಿ ಎಂದುಬಿಟ್ಟೆ. ಆ ವಾರವೇ ಅವರು ಜಾವಗಲ್‌ನಲ್ಲಿ ಮನೆ ಹಿಡಿದು ನಾಯಿಯ ಜೊತೆ ಹೊರಟುಹೋದರು.

ಹೆಂಡತಿ ಕೆಂಚನ ತಟ್ಟೆಯನ್ನು ತೊಳೆದು ಅಟ್ಟಕ್ಕಿಟ್ಟಳು. ಸ್ವಲ್ಪ ದಿನ ಮಂಕಾಗಿದ್ದಳು, ಆಮೇಲಾಮೇಲೆ ಗೆಲುವಾದಳು. ವಾರಕ್ಕೊಮ್ಮೆ ಸಂತೆಗೆ ಹೋಗಿ ಬಂದ ದಿನವಂತೂ ಸೊಪ್ಪು ಬಿಡಿಸುತ್ತ ನನ್ನ ಜೊತೆ ನಾಲ್ಕು ಮಾತಾಡುತ್ತಿದ್ದಳು. ಮನೆ ಮತ್ತೆ ನನ್ನದಾಯಿತು ಎಂದು ಬೀಗಿದೆ.

ಎರಡು ವರ್ಷದ ಕೆಳಗೆ ಅವಳು ತೀರಿಕೊಂಡಳು. ಸುದ್ದಿ ತಿಳಿದು ಸಿಸ್ಟರ್ ಬಂದರು. ಹೊರಡುವ ಮುಂಚೆ ಹೇಳಿದರು.

"ಸಂತೆ ದಿನ ನಂಗೆ ರಜ. ಅಮ್ಮೋರು ಡಬ್ಬೀಲಿ ಮೊಸರನ್ನ ತಗೊಂಡು ಜಾವಗಲ್‌ಗೆ ನಮ್ಮನೇಗೆ ಬರೋರು ಸಾರ್. ಕೆಂಚನ್ಗೆ ತಿನ್ಸಿ, ಹೊತ್ತು ಮುಳುಗೋದ್ರೊಳ್ಗೆ ನಿಮ್ಗೆ ಊಟಕ್ಕಿಕ್ಬೇಕು ಅಂತ ಬಸ್ಸಿಗೆ ಓಡೋರು. ನಾಕು ವರ್ಷ, ಒಂದು ವಾರ ತಪ್ಪಿಸ್ಲಿಲ್ಲ."

ಈಗ ಕೆಂಚನೂ ಇಲ್ಲವಂತೆ. ಸಿಸ್ಟರ್ ವರ್ಗವಾಗಿ ಎಲ್ಲಿಗೋ ಹೋದರು, ಹಿತ್ತಲ ಮನೆಗೆ ನಾನು ಮತ್ತೆ ಯಾರನ್ನೂ ಕರೆದಿಲ್ಲ. ಅವಳು ನನಗೆ ಹೇಳಬಹುದಿತ್ತು... ಹೇಳುವ ಹಾಗೆ ನಾನೆಲ್ಲಿದ್ದೆ? ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ. ನಾಲ್ಕು ವರ್ಷ ಅವಳು ಬಾಯಿ ತುಂಬ ಕಂದ ಎಂದು ಕರೆದು ನಕ್ಕದ್ದನ್ನು ಸಿಸ್ಟರ್ ಕಂಡಿದ್ದಾರೆ, ನಾನು ಕಂಡಿಲ್ಲ.