ಜನಕ್ಕೋ ದನಕ್ಕೋ

ಅಗಸೆಯಕ್ಕ ಮೂಟೆಯ ಮುಂದೆ ನಿಂತಳೆಂದರೆ ಕಾಳಿನ ವ್ಯಾಪಾರಿಯ ಎದೆ ಡವಡವ ಎನ್ನುತ್ತಿತ್ತು. ಬಳೆ ಮೇಲಕ್ಕೆ ಸರಿಸಿ ಮೊಣಕೈವರೆಗೂ ಕೈಯನ್ನು ಮೂಟೆಯೊಳಗೆ ಇಳಿಬಿಡುತ್ತಿದ್ದಳು. ಅಗಸೆ ಬೀಜ ಚೆನ್ನಾಗಿ ಒಣಗಿದ್ದರೆ ಕೈ ತಾನಾಗಿ ಜಾರಿಕೊಂಡು ಒಳಗೆ ಹೋಗಬೇಕು. ಎಲ್ಲಾದರೂ ತಡೆಯಿತೋ, ಅಲ್ಲಿ ತೇವವಿದೆ ಎಂದೇ ಲೆಕ್ಕ. ಆಮೇಲೆ ತಳದಿಂದ ಒಂದು ಹಿಡಿ ಎತ್ತಿ, ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಹೊಸ ಬೀಜಕ್ಕೆ ಬಾದಾಮಿಯ ರುಚಿ. ಹಳತಾಗಿದ್ದರೆ ಬಾಗಿಲಿಗೆ ಬಳಿಯುವ ಬಣ್ಣದ ವಾಸನೆ.

"ಅಕ್ಕಾ, ಅಳಿಯನ್ನ ಹುಡುಕುವಾಗಲೂ ನೀವು ಇಷ್ಟು ಪರೀಕ್ಷೆ ಮಾಡಿರ್ಲಿಲ್ಲ," ಎನ್ನುತ್ತಿದ್ದ ವ್ಯಾಪಾರಿ.

"ಅಳಿಯನ್ನ ಕಡಿದು ನೋಡಕ್ಕೆ ಆಗಲ್ವಲ್ಲಪ್ಪಾ!"

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ನಡೆಯುತ್ತಿದ್ದದ್ದು ಎರಡೇ ಮಾತು: ಜನಕ್ಕೆ, ದನಕ್ಕೆ. ಜನಕ್ಕೆ ಎಂದರೆ ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಚಟಪಟ ಸದ್ದು ಎದ್ದು ಅಡಗುವವರೆಗೆ ಹುರಿದು, ಆರಿಸಿ ಪುಡಿ ಮಾಡಿದ್ದು. ದನಕ್ಕೆ ಎಂದರೆ ಜರಡಿ ಹಿಡಿದ ಹಸಿ ಬೀಜ. ಅದನ್ನು ನೀರಿನಲ್ಲಿ ಲೋಳೆಯಾಗುವವರೆಗೆ ಬೇಯಿಸಿ ತಿನ್ನಿಸಬೇಕು. ಕುದಿಸದೆ ಬರೀ ನೆನೆಹಾಕಿ ಕೊಟ್ಟರೆ ವಿಷವಾದೀತು, ಜೋಕೆ ಎಂದು ಬೆರಳಾಡಿಸಿ ಹೇಳದೆ ಯಾರನ್ನೂ ಕಳಿಸಿದವಳಲ್ಲ.

ಗಂಡ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಎಂಜಿನ್ನಿನ ಸದ್ದಿಗೆ ಕಿವಿ ಮುಕ್ಕಾಲು ಪಾಲು ಕೆಲಸ ಬಿಟ್ಟಿತ್ತು. ನಿವೃತ್ತನಾದ ಮೇಲೆ ಬಾಯಿಯೂ ಕೆಲಸ ಬಿಟ್ಟಿತು. ಆರು ತಿಂಗಳು ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕುಳಿತ. ಊಟಕ್ಕೆ ಬನ್ನಿ ಎಂದರೆ ಬರುತ್ತಿದ್ದ, ಮಲಗಿ ಎಂದರೆ ಮಲಗುತ್ತಿದ್ದ, ಅಷ್ಟೇ. ಜಗಳವಾಡಲಾದರೂ ಬಾಯಿ ತೆರೆಯಬಾರದೇ ಎಂದು ಇವಳಿಗೆ ಅನಿಸುತ್ತಿತ್ತು. ಕೊನೆಗೆ ಒಂದು ದಿನ, "ರೀ, ನನಗೆ ಹುರಿಯೋದೇ ಕೈತುಂಬ ಕೆಲಸ. ಫೋನಾದ್ರೂ ನೀವು ನೋಡ್ಕೊಳ್ಳಿ," ಎಂದು ಸುಳ್ಳು ಸುಳ್ಳೇ ಗೋಗರೆದಳು. ಹದಿನೈದು ದಿನದಲ್ಲಿ ಮನುಷ್ಯ ಚಿಗುರಿದ. ಫೋನು ಬಂದರೆ ಮೊದಲು ತಲೆ ಬಾಚಿಕೊಂಡು ಆಮೇಲೆ ಎತ್ತುತ್ತಿದ್ದ. ಒಂದು ಬೆಳಿಗ್ಗೆ ಗುನುಗುತ್ತಿದ್ದದ್ದೂ ಕೇಳಿಸಿತು. ಅಗಸೆಯಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹೀಗಿರುವಾಗ ಹಾಲಿನಕ್ಕ ಫೋನು ಮಾಡಿದಳು. ಅವಳ ಕೊಟ್ಟಿಗೆಯಲ್ಲಿ ಎಂಟು ಹಸು, ಅದರಲ್ಲೊಂದು ಅಂದಷ್ಟೇ ಕರು ಹಾಕಿತ್ತು. ಅವಳು ಹೇಳಿದ್ದು, "ದನಕ್ಕೆ ಹತ್ತು ಕಿಲೋ, ನಾಳೆ ಬರ್ತೀನಿ." ಕಂಡಕ್ಟರನ ಕಿವಿಗೆ ಬಿದ್ದದ್ದು ಬೇರೆ.

"ಜನಕ್ಕೆ ಹತ್ತು ಕಿಲೋ ಕಣೇ!" ಎಂದು ಎದೆಯುಬ್ಬಿಸಿ ಸಾರಿದ.

ಇಷ್ಟು ಜನ ಯಾರಪ್ಪಾ ಎಂದುಕೊಂಡರೂ ಅಗಸೆಯಕ್ಕ ಬಾಣಲೆ ಇಟ್ಟಳು. ಇಡೀ ದಿನ ಅವಳು ಹುರಿದಳು, ಅವನು ಪುಡಿ ಮಾಡಿದ. ಇಬ್ಬರ ಮೀಸೆ, ಹುಬ್ಬು, ಮೂಗಿನ ತುದಿಯೆಲ್ಲ ಕಂದು ಬಣ್ಣ. ಮೀಸೆ ಅವನದು ಮಾತ್ರ ಎಂದು ಬೇರೆ ಹೇಳಬೇಕಾಗಿಲ್ಲ.

ಬೆಳಿಗ್ಗೆ ಹಾಲಿನಕ್ಕ ಬಂದು ಚೀಲದ ಬಾಯಿ ಬಿಚ್ಚಿದಳು.

"ಇದೇನಕ್ಕಾ ಪುಡಿ! ನನ್ನ ಹಸು ಇದನ್ನ ಮೊಸರಲ್ಲಿ ಕಲಸ್ಕೊಂಡು ತಿನ್ನುತ್ತಾ? ಒಂದು ಸಲ ಉಸಿರು ಬಿಟ್ರೆ ಎಲ್ಲ ಗಾಳಿಪಾಲು! ಬೇಯಿಸಕ್ಕೆ ಬೀಜ ಕೇಳಿದ್ರೆ ಹೀಗಾ ಮಾಡೋದು? ಫೋನ್ ಎತ್ತಿದವರಿಗೆ ಕಿವಿ ಇರ್ಲಿಲ್ವಾ?"

ಈ ಮಾತು ಮಾತ್ರ ಅವನಿಗೆ ಚೊಕ್ಕವಾಗಿ ಕೇಳಿಸಿತು. ಫೋನನ್ನು ತಂದು ಹೆಂಡತಿಯ ಅಂಗೈಯಲ್ಲಿಟ್ಟ. "ಇನ್ನು ನನಗೆ ಏನೂ ವಹಿಸ್ಬೇಡ ಕಣೇ," ಎಂದು ಕುರ್ಚಿಯಲ್ಲಿ ಹೋಗಿ ಕುಳಿತ, ಮುಖ ಗೋಡೆಗೆ.

ಹುರಿದ ಪುಡಿ ಹೆಚ್ಚು ದಿನ ಇಟ್ಟರೆ ಜಿಡ್ಡು ಕೆಟ್ಟು ಕಹಿಯಾಗುತ್ತದೆ. ಆದರೆ ಅಗಸೆಯಕ್ಕನಿಗೆ ಹೆದರಿಕೆಯಾದದ್ದು ಪುಡಿಯ ಬಗ್ಗೆ ಅಲ್ಲ. ಹತ್ತು ಕಿಲೋ ಹೋದರೆ ಹೋಗಲಿ, ಈ ಮನುಷ್ಯ ಮತ್ತೆ ಆ ಕುರ್ಚಿಯಿಂದ ಏಳದಿದ್ದರೆ ಏನು ಗತಿ?

ವ್ಯಾಪಾರಿಯ ಹತ್ತಿರ ಓಡಿ ಹೋಗಿ ಹಸಿ ಬೀಜ ತಂದಳು. ತಪ್ಪು ತನ್ನ ಮನೆಯದಾದ್ದರಿಂದ ಮೊದಲ ಪಾತ್ರೆಯಷ್ಟನ್ನು ತಾನೇ ಬೇಯಿಸಿ ಕೊಡುವುದೆಂದು ಒಲೆಯ ಮುಂದೆ ನಿಂತಳು. ಅಗಸೆ ಕುದಿಯುವಾಗ ಕಣ್ಣು ತಪ್ಪಿಸುವ ಹಾಗಿಲ್ಲ. ನೊರೆ ಉಕ್ಕಿ ಒಲೆಯನ್ನೇ ಆರಿಸಿಬಿಡುತ್ತದೆ. ಸೌಟಿನಿಂದ ಎತ್ತಿದರೆ ಎಳೆ ಎಳೆಯಾಗಿ ಇಳಿಯುವಷ್ಟು ಲೋಳೆಯಾದ ಮೇಲೆ ಕೆಳಗಿಳಿಸಿ ತಿರುಗಿ ನೋಡಿದಳು. ಕುರ್ಚಿ ಖಾಲಿ. ಪುಡಿಯ ಚೀಲವೂ ಇಲ್ಲ, ಹಳೆಯ ಪತ್ರಿಕೆಗಳ ಕಟ್ಟೂ ಇಲ್ಲ.

ಲೋಳೆ ಆರಿಹೋಗುವ ಮುಂಚೆ ಪಾತ್ರೆ ಹೊತ್ತು ಹಾಲಿನಕ್ಕನ ಕೊಟ್ಟಿಗೆಗೆ ಹೋದಳು. ಅಲ್ಲಿ ಬಾಣಂತಿ ಹಸು ಉಗುರುಬೆಚ್ಚಗಿನ ಲೋಳೆಯನ್ನೆಲ್ಲ ಹೀರಿ, ಪಾತ್ರೆ ನೆಕ್ಕಿ, ಅಗಸೆಯಕ್ಕನ ಮೊಣಕೈಯನ್ನೂ ನೆಕ್ಕಿತು. ಹಾಲಿನಕ್ಕನ ಮುಖ ಅರಳಿತು. "ವಾರ ವಾರ ತಗೋತೀನಿ ಅಕ್ಕಾ. ಆದ್ರೆ ಫೋನ್ ಮಾತ್ರ ಮಾಡಲ್ಲ, ನಾನೇ ಬಂದು ಹೇಳ್ತೀನಿ!" ನಗುವ ಮಾತೇ, ಇವಳಿಗೆ ನಗು ಬರಲಿಲ್ಲ. ಇವರು ಎಲ್ಲಿಗೆ ಹೋದರೋ, ಪುಡಿಯನ್ನು ಎಲ್ಲಿ ಸುರಿದು ಬರುತ್ತಾರೋ ಎಂದು ಬೀದಿ ಬೀದಿ ಇಣುಕುತ್ತಾ ಬಸ್ ನಿಲ್ದಾಣದವರೆಗೆ ಬಂದಳು.

ಅಲ್ಲಿ ಬಸ್ಸುಗಳ ಹಾರನ್ನನ್ನೂ ಮೀರಿ ಒಂದು ದನಿ.

"ಬನ್ನಿ ಬನ್ನಿ ಬನ್ನಿ! ಜನಕ್ಕೆ ಜನಕ್ಕೆ ಜನಕ್ಕೆ! ದನಕ್ಕಲ್ಲಾ, ಬರೀ ಜನಕ್ಕೆ! ತಗೊಂಡವರು ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ!"

ಬಾಗಿಲು ಎಲ್ಲಿತ್ತು ಅಲ್ಲಿ! ಆದರೂ ಜನ ಸರಿಯುತ್ತಿದ್ದರು. ಚೀಲ ಹೆಗಲಿಗೆ, ಪತ್ರಿಕೆಯ ಪೊಟ್ಟಣಗಳು ಬೆರಳ ಸಂದಿಗೆ. ಇದನ್ನ ಏನು ಮಾಡೋದು ಎಂದು ಯಾರೋ ಕೇಳಿದರು.

"ಬೆಳಿಗ್ಗೆ ಗಂಜಿಗೆ ಒಂದು ಚಮಚ ಸ್ವಾಮೀ! ಆಮೇಲೆ ಬಸ್ ತಡ ಮಾಡಿದ್ರೂ ಹೊಟ್ಟೆ ತಡ ಮಾಡಲ್ಲ!"

ನಿಲ್ದಾಣವೇ ನಕ್ಕಿತು. ಅಗಸೆಯಕ್ಕ ಕಂಬಕ್ಕೆ ಒರಗಿ ನಿಂತುಬಿಟ್ಟಳು. ಮೂವತ್ತು ವರ್ಷದಲ್ಲಿ ಅವಳು ಒಮ್ಮೆಯೂ ಅವನ ಬಸ್ ಹತ್ತಿರಲಿಲ್ಲ. ಮನೆಗೆ ಬರುತ್ತಿದ್ದವನು ದಣಿದು ಮಾತು ಮುಗಿದವನು. ಈ ಗಂಡಸನ್ನು ದಾರಿಯ ಜನರೆಲ್ಲ ನೋಡಿದ್ದರು, ತಾನು ನೋಡಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಹೋಗಿ ಸಾಲಿನಲ್ಲಿ ನಿಂತಳು.

ಸರದಿ ಬಂದಾಗ ಅವನು ತಲೆಯೆತ್ತದೆ ಕೇಳಿದ, "ಎಷ್ಟು ಜನಕ್ಕಮ್ಮಾ?"

"ಇಬ್ರಿಗೆ."

ಆ ದನಿಗೆ ತಲೆಯೆತ್ತಿ ನೋಡಿದ. ಆಮೇಲೆ ಅದೇ ಗಂಟಲಿನಲ್ಲಿ, "ನೋಡ್ತಾ ನಿಂತ್ಕೊಂಡ್ರೆ ಹೇಗೆ? ಈ ಕಡೆ ಬಾ, ಪೊಟ್ಟಣ ಕಟ್ಟು. ಹಿಂದೆ ಇನ್ನೂ ಜನ ಇದ್ದಾರೆ!" ಎಂದು ಹೆಂಡತಿಯನ್ನು ಗದರಿಸಿದ.