ಅರವತ್ತೆರಡು ತುಂಬುವವರೆಗೆ

ನಮ್ಮ ಸೀನಿಯರ್ ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆಯಿತ್ತು. ಗಂಜಿ ಹಾಕಿದ ಕಾಲರ್ ವರ್ಷಗಟ್ಟಲೆ ಉಜ್ಜಿ ಮೂಡಿದ್ದು. ಜಯನಗರದ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ನಾನು ಅಲ್ಲಿ ಜೂನಿಯರ್ ವಕೀಲೆ.

ಹೈಕೋರ್ಟಿನ ಹಿರಿಯ ನ್ಯಾಯಮೂರ್ತಿಗಳು ಇವರನ್ನು ಜಡ್ಜ್ ಮಾಡಿ ಎಂದು ಶಿಫಾರಸು ಕಳಿಸಿದ ದಿನವೇ ನಮ್ಮ ಗ್ರಹಚಾರ ಶುರುವಾಯಿತು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನವರೂ ಒಪ್ಪಿದರು. ಇನ್ನು ಸರ್ಕಾರ ಹೂಂ ಎಂದು ರಾಷ್ಟ್ರಪತಿಗಳ ಸಹಿ ಬೀಳಬೇಕಿತ್ತು, ಅಷ್ಟೇ. ಸರ್ಕಾರ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಫೈಲು ಮಲಗಿತು. ಹೈಕೋರ್ಟ್ ಜಡ್ಜ್‌ಗಳಿಗೆ ಅರವತ್ತೆರಡಕ್ಕೆ ನಿವೃತ್ತಿ. ಕಾದ ಕಾಲವೆಲ್ಲ ಇವರ ಅವಧಿಯಿಂದಲೇ ಖೋತಾ.

ಇವರೋ, ಯಾರೂ ಹೇಳದಿದ್ದರೂ ಹೊಸ ಕೇಸು ಹಿಡಿಯುವುದನ್ನೇ ಬಿಟ್ಟರು. ಕಕ್ಷಿದಾರರ ಮನೆಯ ಮದುವೆಗೂ ಹೋಗುತ್ತಿರಲಿಲ್ಲ. ಗೇಟಿನ ಮುಂದೆ ಕಾರು ನಿಲ್ಲಿಸುವುದಕ್ಕೆ ದಿನಾ ಕಿತ್ತಾಡುತ್ತಿದ್ದ ನೆರೆಯವರಿಬ್ಬರು "ನೀವೇ ಒಂದು ಮಾತು ಹೇಳಿ ಸಾರ್" ಎಂದು ಬಂದರೆ ಕೈ ಮುಗಿದು ಕಳಿಸುತ್ತಿದ್ದರು.

"ನಾಳೆ ಇದು ನನ್ನ ಮುಂದೆ ಬಂದ್ರೆ ಏನಮ್ಮ ಮಾಡ್ಲಿ?"

"ಸಾರ್, ಕಾರ್ ನಿಲ್ಸೋ ಜಗಳ ಹೈಕೋರ್ಟಿಗೆ ಬರುತ್ತಾ?"

"ಬೆಂಗಳೂರಲ್ಲಿ ಯಾವುದು ಬರಲ್ಲ ಹೇಳಮ್ಮ."

ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಒಮ್ಮೆ ಪೇಪರ್ ಓದುತ್ತಾ, "ಅಮೆರಿಕದಲ್ಲಿ ಅಧ್ಯಕ್ಷರು ಹೆಸರು ಸೂಚಿಸ್ತಾರೆ, ಸೆನೆಟ್ ಒಪ್ಪುತ್ತೆ, ಆಮೇಲೆ ಸಾಯೋವರೆಗೂ ಜಡ್ಜ್ ಆಗಿರಬಹುದು" ಎಂದರು. ಅವರ ಹೆಂಡತಿ ಅಡುಗೆಮನೆಯಿಂದಲೇ, "ನೀವು ಸಾಯೋವರೆಗೂ ಕಾಯ್ತಾ ಕೂತಿರಿ" ಎಂದು ರೇಗಿದರು. ಕೇಸು ಹಿಡಿಯಿರಿ ಎಂದು ಹೇಳಿ ಹೇಳಿ ಆಕೆಗೆ ಸಾಕಾಗಿತ್ತು. ಇನ್ನೊಬ್ಬ ಜೂನಿಯರ್ ಬೇರೆ ಆಫೀಸು ಸೇರಿದ. ಕೋರ್ಟಿಗೆ ಹೋಗದೆ ಇವರ ಕುತ್ತಿಗೆಯ ಗೆರೆಯೂ ಮಾಸಿತು. ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡನ್ನು ಮಾತ್ರ ತಾವೇ ಒಗೆದು ಇಸ್ತ್ರಿ ಹಾಕಿ ಇಡುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಅರವತ್ತೆರಡು ತುಂಬಿದ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಆ ಕಾರಿನವರಿಬ್ಬರನ್ನೂ ಕರ್ಕೊಂಡು ಬಾಮ್ಮ" ಎಂದರು. "ಇನ್ನು ಯಾವುದೂ ನನ್ನ ಮುಂದೆ ಬರಲ್ಲ."

ನನಗೆ ಅಳು ಬಂತು. ವರಾಂಡದಲ್ಲಿ ಕುಳಿತು ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದರು, ಮಧ್ಯೆ ಬಾಯಿ ಹಾಕಲಿಲ್ಲ. ಯಾರ ಕಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನ ಕೊಟ್ಟು, ಸೋತವರಿಗೆ ಯಾಕೆ ಸೋತಿರಿ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಜಗಳಗಂಟ ಎಂದೇ ಹೆಸರಾಗಿದ್ದ ಆ ಮನುಷ್ಯ "ಸರಿ ಸಾರ್" ಎಂದು ಎದ್ದು ಹೋದ. ಎದುರಾಳಿಯ ಮಾತು ಮುಗಿಯುವವರೆಗೆ ಸುಮ್ಮನಿರುವುದನ್ನು ನಾನು ಕಲಿತದ್ದು ಆ ಬೆಳಿಗ್ಗೆ.

ಮರುವರ್ಷ ಅವರು ತೀರಿಕೊಂಡರು. ಆ ಬೀದಿಯಲ್ಲಿ ಎರಡೂ ಕಾರುಗಳು ಇಂದಿಗೂ ಅವರು ಹೇಳಿದ ಜಾಗದಲ್ಲೇ ನಿಲ್ಲುತ್ತವೆ.