ಸುಣ್ಣದ ಮೇಲಿನ ಮೂರು ಗೆರೆ

ಕಾಶಿಯ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿರುವ ಮಠದ ಗೋಡೆಗೆ ಬಸಲಿಂಗಮ್ಮ ಬೇರೆಯವರ ಕೈ ತಾಗಗೊಡುವವಳಲ್ಲ. ಮೂವತ್ತೆಂಟು ವರ್ಷದ ಹಿಂದೆ ಬೀದರ ಕಡೆಯಿಂದ ಗಂಡನ ಜೊತೆ ಸೇವೆಗೆಂದು ಬಂದವಳು, ಗಂಡ ಹೋದ ಮೇಲೂ ಇಲ್ಲೇ ಉಳಿದಳು. ಎಲ್ಲಿ ಬಿರುಕು ಕಂಡರೂ ಸುಣ್ಣಕ್ಕೆ ಬೆಲ್ಲದ ನೀರು ಕಲಸಿ ತುಂಬುತ್ತಾಳೆ. ಒಣಗಿದ ಮೇಲೆ ಅಡ್ಡಲಾಗಿ ಮೂರು ಬೆರಳಿನಿಂದ ವಿಭೂತಿ ಎಳೆದಳೆಂದರೆ ಆ ಗೋಡೆಯ ಚಿಂತೆ ಶಿವನಿಗೆ ಸೇರಿದ್ದು. ಗಂಗೆ ಗಲ್ಲಿಗೆ ನುಗ್ಗಿದ ವರ್ಷವೂ ಅವಳು ಮುಟ್ಟಿದ ಗೋಡೆ ಅಲುಗಲಿಲ್ಲ.

ಮಗಳು ಮಹೇಶ್ವರಿ ಕಾಶಿಯಲ್ಲೇ ಹುಟ್ಟಿ, ಗಂಗೆಯ ಮೇಲುಗಡೆಯ ಬೆಟ್ಟದ ನಗರವೊಂದರ ರೋಹಿತನನ್ನು ಮದುವೆಯಾದವಳು. ಯಾತ್ರಿಕರು ಹೆಚ್ಚಿದಂತೆ ಅವರ ಎರಡು ಕೋಣೆಯ ಮನೆ ನಾಲ್ಕಂತಸ್ತಿನ ಲಾಡ್ಜ್ ಆಯಿತು. ಊರೆಲ್ಲ ಹಾಗೆಯೇ ಏರಿತು. ದೇವದಾರು ಮರಗಳಿದ್ದ ಕಡೆ ಕಾರುಗಳು ನಿಂತವು. ಚರಂಡಿ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಮೆಟ್ಟಿಲ ಪಕ್ಕದ ಗೋಡೆ ಬಿರಿದಿದೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ಬಸಲಿಂಗಮ್ಮನಿಗೆ ಅದೊಂದು ದೊಡ್ಡ ಮಾತೇ ಅನಿಸಲಿಲ್ಲ. "ಸುಣ್ಣಾ ತುಂಬು, ವಿಭೂತಿ ಎಳಿ. ಬಂದ ಮಂದಿ ಕೈ ಮುಗದು ಹೋಗ್ತಾರ," ಎಂದಳು. ಮಗಳು ಹಾಗೇ ಮಾಡಿದಳು.

ಹದಿನೈದು ದಿನ ಕಳೆದು ಒಂದು ಸೋಮವಾರ. ಇಲ್ಲಿನ ಯೂನಿವರ್ಸಿಟಿಯಲ್ಲಿ ಕಲ್ಲು ಮಣ್ಣಿನ ಪಾಠ ಹೇಳುವ ಧಾರವಾಡದ ರೇಖಾ ಮಠದ ಪ್ರಸಾದದೂಟಕ್ಕೆ ಬಂದಿದ್ದಳು. ಅವಳಿಗೆ ಮಗಳ ಕೈಕೆಲಸ ತೋರಿಸಬೇಕೆಂದು ಬಸಲಿಂಗಮ್ಮ ವಿಡಿಯೋ ಕಾಲ್ ಹಚ್ಚಿಸಿದಳು.

"ಗೆರಿ ಯಾಕ ಸೊಟ್ಟ ಎಳದೀಯವ್ವಾ?" ಎಂದಳು ಬಸಲಿಂಗಮ್ಮ ಮಗಳಿಗೆ.

"ಸೊಟ್ಟ ಎಲ್ಲಿ ಎಳದೀನವ್ವಾ? ಮೂರೂ ನೆಟ್ಟಗಿದ್ದುವು."

"ಫೋನು ಹತ್ರ ಹಿಡಿ."

ಮೂರೂ ಗೆರೆಗಳು ನಡುವೆ ತುಂಡಾಗಿದ್ದವು. ಎಡಗಡೆಯ ಮೇಲಿನ ಗೆರೆ ಬಲಗಡೆಯ ನಡುಗೆರೆಯ ಮಟ್ಟಕ್ಕೆ ಇಳಿದು ನಿಂತಿತ್ತು. ರೇಖಾ ತುತ್ತನ್ನು ಎಲೆಯಲ್ಲೇ ಬಿಟ್ಟು ಫೋನಿನತ್ತ ಬಾಗಿದಳು.

"ಬಸಲಿಂಗಮ್ಮಾರ, ಆ ಊರಾಗ ಚರಂಡಿ ಇಲ್ಲ, ಅಷ್ಟೂ ಮನಿಗಳ ಬಚ್ಚಲ ನೀರು ಗುಡ್ಡದ ಹೊಟ್ಟಿಗೇ ಇಳದೈತಿ. ಬುಡದ ನೆಲಾನ ಜಾರಾಕತ್ತೈತಿ. ಈಗಿಂದೀಗ ಹೊರಗ ಬರಾಕ ಹೇಳ್ರಿ."

"ಮಹೇಶಿ, ಎಲ್ಲಾರನೂ ಕರಕೊಂಡು ಹೊರಗ ನಡಿ!"

"ಅವ್ವಾ, ಸೀಸನ್ ಐತಿ. ಹದಿನಾಲ್ಕು ಮಂದಿ ಯಾತ್ರಿ ಅದಾರ."

ಹಿಂದಿನಿಂದ ರೋಹಿತ ನಕ್ಕ. "ಅಮ್ಮಾಜಿ ಬನಾರಸ್‌ನಲ್ಲಿ ಕೂತು ನಮ್ಮ ಬೆಟ್ಟ ಅಳೀತಾರಾ?"

"ನಗು ಮಗನೇ, ಬೀದಿಗೆ ಬಂದು ನಗು," ಎಂದಳು ಬಸಲಿಂಗಮ್ಮ. "ಬಿರುಕು ಮುಚ್ಚು ಅಂತ ಹೇಳಿದಾಕಿ ನಾನು. ಆ ಪಾಪ ನನ್ನ ತಲಿ ಮ್ಯಾಲ ಹೊರಸಬ್ಯಾಡ್ರೋ!"

ಅವಳ ದನಿ ಅಷ್ಟು ಏರಿದ್ದನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಹೇಶ್ವರಿ ಫೋನು ಕೈಯಲ್ಲೇ ಹಿಡಿದು ಓಡಿದಳು. ಬಾಗಿಲು ಬಡಿಯುವ ಸದ್ದು, ಬೈಗುಳ, ಸೂಟ್‌ಕೇಸುಗಳು ಮೆಟ್ಟಿಲಿಳಿಯುವ ಗಡಗಡ. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಬೀದಿಯ ಬಿಸಿಲು ಕಂಡಿತು. ಕೊನೆಗೆ ಬಂದ ರೋಹಿತ ಬೀಗ ಹಾಕಲು ಬಾಗಿಲು ಎಳೆದ. ಮತ್ತೆ ಎಳೆದ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಅವ್ವಾ," ಎಂದಳು ಮಹೇಶ್ವರಿ, ಪಿಸುದನಿಯಲ್ಲಿ. "ಮುಂಜಾನಿ ಹಾಕಿದ್ದೆ. ಈಗ ಚೌಕಟ್ಟ ಸೊಟ್ಟಾಗೈತಿ, ಚಿಲಕ ತೂತಿಗೆ ಕೂಡವಲ್ದು."

"ತೆರದಾ ಇರಲಿ ಬಿಡವ್ವಾ. ದೂರ ನಿಲ್ಲು."

ಬಸಲಿಂಗಮ್ಮ ಫೋನು ಕೆಳಗಿಟ್ಟು ಎದ್ದಳು. ನಿನ್ನೆಯಷ್ಟೇ ಮುಚ್ಚಿದ್ದ ಮಠದ ಗೋಡೆಯ ಬಿರುಕಿನ ಮುಂದೆ ನಿಂತು, ಹಸಿ ಸುಣ್ಣವನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದಳು.